ನೂರ ಹನ್ನೆರಡು ಗಂಡಂದಿರ ರಾಚಮ್ಮ

ಗುಂಡ್ಲುಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಶಾಂತರಾಜು ತೊಂಬತ್ತೊಂಬತ್ತನೇ ಇಸವಿಯ ಯುಗಾದಿ ದಿನ ಬೇವುಬೆಲ್ಲ ಬಾಯಲ್ಲಿಟ್ಟುಕೊಂಡೇ ಪ್ರತಿಜ್ಞೆ ಮಾಡಿದ: ವರ್ಷ ತಿರುಗುವುದರೊಳಗೆ ತಾನು ಸಾಫ್ಟ್‌ವೇರ್ ಬರೆಯಬೇಕು. ಟೈಪ್ ಹೊಡೆಯುವುದಲ್ಲ, ಬರೆಯುವುದು! ಚಾಮರಾಜನಗರ ಜಿಲ್ಲೆಯಾಗಿ ಎರಡು ವರ್ಷವಾಗುತ್ತ ಬಂದಿತ್ತು. ಕಚೇರಿಗೆ ಕಂಪ್ಯೂಟರ್ ಇವತ್ತು ಬರುತ್ತೆ, ನಾಳೆ ಬರುತ್ತೆ ಎನ್ನುತ್ತಿದ್ದರು. ಬಂದ ದಿನ ಅದರ ಮುಂದೆ ಕೂರುವ ಯೋಗ್ಯತೆ ಇಡೀ ತಾಲ್ಲೂಕಿನಲ್ಲಿ ತನಗೊಬ್ಬನಿಗೇ ಇರಬೇಕು ಎಂಬುದು ಅವನ ಆಸೆ.

"ಮೊದ್ಲು ಗ್ಯಾಸ್ ಸಿಲಿಂಡರ್ ಬದಲಾಯ್ಸೋದು ಕಲ್ತ್ಕೊಳ್ಳಿ" ಎಂದಳು ಹೆಂಡತಿ ಭಾಗ್ಯ, ಹೋಳಿಗೆ ತಟ್ಟುತ್ತ.

ಮಹಾಪುರುಷರಿಗೆ ಇಂಥ ಅಡೆತಡೆಗಳು ಇದ್ದದ್ದೇ. ಪ್ರತಿ ಭಾನುವಾರ ಶಾಂತರಾಜು ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ, ಬಸ್ ನಿಲ್ದಾಣದ ಹತ್ತಿರದ ಮಹಡಿಯೊಂದರ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗರ್ಭಗುಡಿಗೆ ಕಾಲಿಡುವಂತೆ ಕಂಪ್ಯೂಟರ್ ಸೆಂಟರಿನೊಳಗೆ ಕಾಲಿಡತೊಡಗಿದ. ಅಲ್ಲಿ ಸಿ ಪ್ಲಸ್ ಪ್ಲಸ್ ಎಂಬ ಕಂಪ್ಯೂಟರ್ ಭಾಷೆ ಹೇಳಿಕೊಡುತ್ತಿದ್ದವಳು ಫರಹತ್ ಮೇಡಂ. ಮನೆಯಲ್ಲಿ ಉರ್ದು, ಪಾಠದಲ್ಲಿ ಬೆಣ್ಣೆಯಂಥ ಕನ್ನಡ.

"ನೋಡಿ ಸಾರ್, ಕ್ಲಾಸ್ ಅಂದ್ರೆ ಸಂಕ್ರಾಂತಿಯಲ್ಲಿ ಸಕ್ಕರೆ ಬೊಂಬೆ ಎರಕ ಹೊಯ್ತೀರಲ್ಲ, ಆ ಮರದ ಅಚ್ಚು. ಆಬ್ಜೆಕ್ಟ್ ಅಂದ್ರೆ ಅಚ್ಚಿನಿಂದ ಎದ್ದ ಬೊಂಬೆ. ಅಚ್ಚು ಒಂದೇ, ಬೊಂಬೆ ಸಾವಿರ."

ಶಾಂತರಾಜುವಿಗೆ ಅಂದೇ ಜ್ಞಾನೋದಯವಾಯಿತು. ಅದನ್ನು ಜಗತ್ತಿಗೆ ಹಂಚುವ ಅವಕಾಶವೂ ಬೇಗ ಒದಗಿತು. ಭಾಗ್ಯಳ ತಂಗಿ ಕುಮಾರಿಗೆ ಚಂದಕವಾಡಿಯ ಗಂಡು ಗೊತ್ತಾಗಿ, ತೆರಕಣಾಂಬಿಯ ಮಾವನ ಮನೆಯಲ್ಲಿ ಲಗ್ನಪತ್ರಿಕೆಯ ಮೇಲೆ ಹೆಸರು ಬರೆಯುವ ಮಾತು ಬಂತು.

"ಯಾವಾಗ್ಲೂ 'ಶ್ರೀ ಇಂಥೋರು ಮತ್ತು ಕುಟುಂಬ' ಅಂತ ಬರೀತೀರಿ. ಹೆಂಗಸರಿಗೆ ಹೆಸರಿಲ್ವಾ?" ಎಂದು ಭಾಗ್ಯ ಕೇಳಿದಳು.

"ಬರೆಯೋದೇ ಬೇಡ" ಎಂದ ಶಾಂತರಾಜು ಎದ್ದು ನಿಂತು. "ನೂರ ಹನ್ನೆರಡು ಮನೆಗೂ ಗಂಡನ ಹೆಸರು, ಹೆಂಡತಿ ಹೆಸರು, ಊರು, ಎಲ್ಲ ಅಚ್ಚಾಗಿ ಬರ್ತದೆ. ನಾನು ಸಾಫ್ಟ್‌ವೇರ್ ಮಾಡ್ತೀನಿ."

"ಅಳಿಯಂದ್ರು ಏಳ್ತಾವ್ರೆ ಅಂದ್ಮೇಲೆ ಆಯ್ತದೆ ಬುಡಿ" ಎಂದರು ಮಾವ ದೊಡ್ಡಮಲ್ಲಪ್ಪನವರು, ಪೆನ್ನು ಮುಚ್ಚಿ.

ಆರು ಭಾನುವಾರ ಕೂತು 'ನೆಂಟ' ಎಂಬ ಕ್ಲಾಸು ಕಟ್ಟಿದ. ಪರದೆಯ ಮೇಲೆ ಕಿಟಕಿ, ಕಿಟಕಿಯಲ್ಲಿ ಖಾನೆಗಳು, ಕೆಳಗೆ ಹಸಿರು ಗುಂಡಿ. ಮೊದಲ ನೆಂಟನಾಗಿ ತನ್ನ ಹೆಸರನ್ನೇ ಹಾಕಿದ, ಶಾಸ್ತ್ರಕ್ಕೆ. ಒಂದೊಂದು ಹೆಸರು ತುಂಬಿದಾಗಲೂ ಗುಂಡಿ ಒತ್ತಿ ನೋಡಿದ. ಗಂಡನ ಪಕ್ಕ ಹೆಂಡತಿ ಸರಿಯಾಗಿಯೇ ಕೂತಿದ್ದಳು. ಕಡೆಯದಾಗಿ ಬೀಗರ ಕಡೆಯ ಹಿರಿತಲೆಗಳನ್ನು ಹಾಕಿದ: ಮದುವೆ ಗಂಡಿನ ದೊಡ್ಡಪ್ಪ ಮಲ್ಲಿಕಾರ್ಜುನಸ್ವಾಮಿ, ದೊಡ್ಡಮ್ಮ ರಾಚಮ್ಮ. ರಾಚಮ್ಮ ಕೆಮ್ಮಿದರೆ ಚಂದಕವಾಡಿಯ ಬಸ್ಸು ನಿಲ್ಲುತ್ತದೆ ಎಂದು ಪ್ರತೀತಿ.

ಎಲ್ಲ ತುಂಬಿದ ಮೇಲೆ ಒಮ್ಮೆಗೇ ಅಚ್ಚು ಹಾಕಿದ. ಪ್ರಿಂಟರು ಕಿರ್ ಕಿರ್ ಎಂದು ಮಂಗಳವಾದ್ಯ ನುಡಿಸಿತು. ಐದು ಗಂಟೆಯ ಬಸ್ಸಿಗೆ ಹೊತ್ತಾಗಿತ್ತು. ಗಂಡಸರ ಹೆಸರು, ಊರು ನೋಡಿಕೊಂಡು ಕವರುಗಳಿಗೆ ಪಟಪಟ ಚೀಟಿ ಅಂಟಿಸಿ, ಬಸ್ ನಿಲ್ದಾಣದ ಅಂಚೆ ಡಬ್ಬಿಗೆ ಸುರಿದು, ಗೆದ್ದ ಸೇನಾಪತಿಯಂತೆ ಗುಂಡ್ಲುಪೇಟೆಗೆ ವಾಪಸಾದ.

ಬುಧವಾರ ಮಧ್ಯಾಹ್ನ ಊಟಕ್ಕೆ ಕೂತರೆ ತಟ್ಟೆಯಲ್ಲಿ ಮುದ್ದೆ ಇರಲಿಲ್ಲ, ಲಗ್ನಪತ್ರಿಕೆಯ ಕವರು ಇತ್ತು.

"ರಾಚಮ್ಮ ಯಾರ್ರೀ?" ಎಂದಳು ಭಾಗ್ಯ.

"ಯಾವ ರಾಚಮ್ಮ?"

"ನಿಮ್ಮ ಹೆಂಡ್ತಿ. ಓದ್ನೋಡಿ."

ಓದಿದ. 'ಶ್ರೀ ಶಾಂತರಾಜು ಮತ್ತು ಶ್ರೀಮತಿ ರಾಚಮ್ಮ, ಗುಂಡ್ಲುಪೇಟೆ.' ಕವರು ತಿರುಗಿಸಿ ಇನ್ನೊಮ್ಮೆ ಓದಿದ. ಒಂದೇ ಒಂದು ತಪ್ಪಾಗಿರಬಹುದು ಎಂದು ದೇವರಲ್ಲಿ ಬೇಡಿಕೊಂಡ. ದೇವರು ಆ ಹೊತ್ತಿಗೆ ತೆರಕಣಾಂಬಿಯಿಂದ ದೊಡ್ಡಮಲ್ಲಪ್ಪನವರನ್ನು ಬಸ್ಸು ಹತ್ತಿಸಿದ್ದ.

ಮಾವ ಬಂದವರೇ ನೆಂಟರು ವಾಪಸು ತಂದುಕೊಟ್ಟಿದ್ದ ಹನ್ನೊಂದು ಕವರು ಚೀಲದಿಂದ ತೆಗೆದು ಸಾಲಾಗಿ ಇಟ್ಟರು. ಹನ್ನೊಂದರಲ್ಲೂ ರಾಚಮ್ಮ.

"ಏನ್ ಮಾಡ್ಬುಟ್ರಿ ಅಳಿಯಂದ್ರೆ? ಪುಟ್ಟಮಾದು ಮನೇಲಿ ಒಲೆ ಅತ್ತಿಲ್ಲ."

ಪುಟ್ಟಮಾದು ಬಂಡೀಪುರದ ಅರಣ್ಯ ಇಲಾಖೆಯಲ್ಲಿ ಮೂವತ್ತು ವರ್ಷ ಗಾರ್ಡಾಗಿದ್ದವನು; ವಾರಗಟ್ಟಲೆ ಕಾಡಿನಲ್ಲೇ ಇರುತ್ತಿದ್ದ. ಕವರನ್ನು ಮಗಳಿಂದ ಓದಿಸಿದ ಹೆಂಡತಿ ಚಿಕ್ಕನಿಂಗಮ್ಮ, "ಕಾಡಲ್ಲಿ ಡೂಟಿ, ಕಾಡಲ್ಲಿ ಡೂಟಿ ಅಂತಿದ್ದ. ಡೂಟಿ ಹೆಸ್ರು ಈಗ ಗೊತ್ತಾಯ್ತು" ಎಂದು ಸೀರೆ ಗಂಟು ಕಟ್ಟಿ ಮನೆ ಬಿಟ್ಟಿದ್ದಳು. ಇತ್ತ ಐವತ್ತೈದಾದರೂ ಮದುವೆಯಾಗದ ಗುರುಪಾದಸ್ವಾಮಿ ಮಾತ್ರ ಕ್ಷೌರ ಮಾಡಿಸಿಕೊಂಡು, ಬಿಳಿ ಪಂಚೆ ಉಟ್ಟು ಬಂದು, "ಎಣ್ಣಿನ ಕಡೆಯೋರು ಯಾವೂರು, ದೊಡ್ಡಮಲ್ಲಪ್ಪ?" ಎಂದು ನಾಚಿಕೊಂಡು ಕೇಳಿದ್ದ.

"ಅದೆಲ್ಲ ಅಂಗಿರ್ಲಿ. ಚಂದಕವಾಡಿಯೋರ ಕಿವಿಗೆ ಬಿದ್ರೆ ನನ್ನ ಮಗಳ ಮದ್ವೆ ನಿಂತೋಯ್ತದಲ್ಲ" ಎಂದಾಗ ಮಾವನ ಕಣ್ಣಲ್ಲಿ ನೀರಿತ್ತು. ಶಾಂತರಾಜುವಿಗೆ ಮೊದಲ ಬಾರಿಗೆ ನಿಜವಾಗಿ ಹೆದರಿಕೆಯಾಯಿತು.

ಮಾರನೇ ದಿನ ರಜೆ ಹಾಕಿ ಫರಹತ್ ಮೇಡಂ ಮುಂದೆ ನಿಂತ. ಅವಳು ಪರದೆ ನೋಡಿ ದುಪಟ್ಟಾವನ್ನು ಬಾಯಿಗೆ ಅಡ್ಡ ಹಿಡಿದಳು.

"ಸಾರ್, ಹೆಂಡತಿ ಮುಂದೆ 'ಸ್ಟ್ಯಾಟಿಕ್' ಅಂತ ಯಾಕೆ ಹಾಕಿದ್ರಿ?"

"ನಿಘಂಟು ನೋಡ್ದೆ ಮೇಡಂ. ಸ್ಟ್ಯಾಟಿಕ್ ಅಂದ್ರೆ ಸ್ಥಿರ ಅಂತ ಇತ್ತು. ಹೆಂಡತಿ ಸ್ಥಿರವಾಗಿರ್ಲಿ ಅಂತ."

"ಸ್ಥಿರವಾಗೇ ಇದ್ದಾರೆ ಸಾರ್. ಆದ್ರೆ ಹಾಗೆ ಹಾಕಿದ್ರೆ ಇಡೀ ಕ್ಲಾಸಿಗೆಲ್ಲ ಸೇರಿ ಒಬ್ಬರೇ. ಕಡೆಯಲ್ಲಿ ಯಾರ ಹೆಸರು ತುಂಬಿದ್ರೋ ಅವರೇ ಎಲ್ಲರಿಗೂ."

ನೂರ ಹನ್ನೆರಡರಲ್ಲಿ ಸರಿಯಾಗಿದ್ದ ಕವರು ಒಂದೇ, ಮಲ್ಲಿಕಾರ್ಜುನಸ್ವಾಮಿಯವರದು. ಚಂದಕವಾಡಿಗೆ ಹೋದದ್ದೂ ಅದೊಂದೇ. ಹಾಗಾಗಿ ಅಲ್ಲಿಯವರಿಗೆ ಏನೂ ತಿಳಿದಿರಲಾರದು ಎಂದು ಶಾಂತರಾಜು ಸಮಾಧಾನ ಮಾಡಿಕೊಂಡು ಮನೆಗೆ ಬಂದ. ಬಂದರೆ ಜಗುಲಿಯ ಮೇಲೆ ಇಬ್ಬರು ಹೆಂಗಸರು ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಒಬ್ಬಳು ಚಿಕ್ಕನಿಂಗಮ್ಮ. ಸವತಿಯನ್ನು ಕಣ್ಣಾರೆ ನೋಡಿಬಿಡಬೇಕೆಂದು ವಿಚಾರಿಸಿಕೊಂಡು ನೇರ ಚಂದಕವಾಡಿಗೇ ಹೋಗಿದ್ದಳಂತೆ. ಇನ್ನೊಬ್ಬರು ರಾಚಮ್ಮ. ಅರವತ್ತೈದು ದಾಟಿದ ಗಟ್ಟಿ ಜೀವ.

"ನೀನೇನಪ್ಪ, ನನಗೆ ನೂರ ಅನ್ನೆರಡು ಜನನ ಗಂಟಾಕ್ದೋನು?"

ಶಾಂತರಾಜು ಅಡ್ಡಬಿದ್ದ. ಬಾಗಿಲ ಹಿಂದೆ ಭಾಗ್ಯ ನಿಂತಿದ್ದಳು.

"ಒಬ್ಬರಿಗೆ ಮುದ್ದೆ ತಿರುವಿ ತಿರುವಿ ನಲವತ್ತು ವರ್ಸದಲ್ಲಿ ನನ್ನ ರಟ್ಟೆ ಬಿದ್ದೋಗದೆ. ನೂರ ಅನ್ನೆರಡು ಜನಕ್ಕೆ ಯಾರು ತಿರುವೋರು? ನಿನ್ನ ಕಂಪೂಟ್ರಾ?"

ಹೇಳಿ ಮುಗಿಸುವ ಮೊದಲೇ ಮುದುಕಿಗೆ ನಗು ಉಕ್ಕಿತು. ಚಿಕ್ಕನಿಂಗಮ್ಮನೂ ನಕ್ಕಳು. ಭಾಗ್ಯ ಬಾಗಿಲ ಹಿಂದೆಯೇ ಕುಸಿದು ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಮದ್ವೆ ನಿಲ್ಲಾಕಿಲ್ಲ" ಎಂದು ರಾಚಮ್ಮ ತೀರ್ಪು ಕೊಟ್ಟರು. "ಆದ್ರೆ ನೀನು ಹೆಂಡ್ರು ಜೊತೆ ಮನೆಮನೆಗೂ ಓಗಿ ಕುಂಕುಮ ಕೊಡು. ಆ ಎಣ್ಮಕ್ಕಳ ಹೆಸ್ರ ಕೈಯಾರ ಬರದು, ಅವರ ಎದುರ್ಗೇ ಓದಿ ಹೇಳಿ ಬಾ."

ವಾರವಿಡೀ ಶಾಂತರಾಜು ಭಾಗ್ಯಳ ಜೊತೆ ಬಸ್ಸು ಹತ್ತಿ ಇಳಿದ. ಜಗುಲಿ ಜಗುಲಿಯಲ್ಲೂ ಕೂತು ಬರೆದ, ಗಟ್ಟಿಯಾಗಿ ಓದಿದ, ನಗೆಪಾಟಲಾದ. ತೆರಕಣಾಂಬಿಯ ಎಂಬತ್ತರ ದೊಡ್ಡಮಾದಮ್ಮ ಮಾತ್ರ ನಗಲಿಲ್ಲ. ಕವರಿನ ಮೇಲಿನ ಅಕ್ಷರದ ಮೇಲೆ ಬೆರಳಿಟ್ಟು, "ಇದು ನನ್ನ ಹೆಸ್ರಾ? ಇನ್ನೊಂದ್ಸಲ ಓದಪ್ಪ" ಎಂದಳು. ಅವನು ಮೂರು ಸಲ ಓದಿದ.

ಮದುವೆಗೆ ಕರೆದವರೂ ಬಂದರು, ಕರೆಯದವರೂ ಬಂದರು. ರಾಚಮ್ಮ ಮುಂದಿನ ಸಾಲಿನ ಕುರ್ಚಿಯಲ್ಲಿ ಜಿಲ್ಲಾಧಿಕಾರಿಯಂತೆ ಕೂತಿದ್ದರು. ಹೆಂಗಸರು ಸಾಲುಗಟ್ಟಿ ಬಂದು ನೋಡಿ ಹೋಗುತ್ತಿದ್ದರು. ಗಂಡಸರು ಇಪ್ಪತ್ತಡಿ ದೂರದಿಂದಲೇ ಕೈಮುಗಿದು, ತಂತಮ್ಮ ಹೆಂಡಿರಿಗೆ ಕೇಳುವಷ್ಟು ಜೋರಾಗಿ "ನಮಸ್ಕಾರ ಕಣಕ್ಕ" ಎನ್ನುತ್ತಿದ್ದರು. ಪುಟ್ಟಮಾದು ಮೂರು ಸಲ ಅಂದ.

ಊಟದ ಪಂಕ್ತಿ ನೋಡಿಕೊಳ್ಳುತ್ತಿದ್ದ ಶಾಂತರಾಜುವನ್ನು ಯಾರೋ ಮೆಲ್ಲಗೆ ತೋಳು ಹಿಡಿದು ಕಂಬದ ಮರೆಗೆ ಕರೆದರು. ನೋಡಿದರೆ ರಾಚಮ್ಮನ ಯಜಮಾನರು, ಮಲ್ಲಿಕಾರ್ಜುನಸ್ವಾಮಿ. ಇಡೀ ಮದುವೆಯಲ್ಲಿ ಅವರ ಬಾಯಿಂದ ಒಂದು ಮಾತು ಬಂದಿರಲಿಲ್ಲ. ಈಗ ಬೈಗುಳ ಗ್ಯಾರಂಟಿ ಎಂದುಕೊಂಡು ಶಾಂತರಾಜು ತಲೆ ತಗ್ಗಿಸಿದ.

ಅವರು ಆ ಕಡೆ ಈ ಕಡೆ ನೋಡಿ, ಅವನ ಕಿವಿಯ ಹತ್ತಿರ ಬಾಗಿ ಕೇಳಿದರು:

"ಅಲ್ಲಪ್ಪ, ಉಳಿದ ನೂರ ಅನ್ನೊಂದು ಜನದಾಗೆ ಒಬ್ಬನಾದ್ರೂ ಒಪ್ಕಂಡ್ನಾ?"