ತಲೆ ತಗ್ಗಿಸದ ಎತ್ತು

ದನದ ಗದ್ದಕ್ಕೆ ಟೇಪು ಹಿಡಿದು ಊರೂರು ಸುತ್ತುವವನಿಗೆ ದಿನಕ್ಕೊಂದು ಪೇಚಿನ ಪ್ರಸಂಗ ಒದಗುತ್ತಲೇ ಇರುತ್ತದೆ. ತೊಂಬತ್ತರ ದಶಕದಲ್ಲಿ ನಾನು ಪಶುವೈದ್ಯದ ಸ್ನಾತಕೋತ್ತರ ವಿದ್ಯಾರ್ಥಿ. ದನಗಳಿಗೆ ಮಂಪರು ಬರಿಸುವ ಮದ್ದನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು, ನೆಲದಿಂದ ಗದ್ದದವರೆಗೆ ಟೇಪು ಹಿಡಿದು ತಲೆ ಎಷ್ಟು ತಗ್ಗಿತೆಂದು ಅಳೆಯುವುದೇ ನನ್ನ ಪ್ರಬಂಧ. ಮದ್ದು ಹೆಚ್ಚಿದಂತೆ ತಲೆ ಇಳಿಯಬೇಕು. ಅಳತೆ ಎಡವಟ್ಟಾದರೆ ಇನ್ನೊಂದು ವರ್ಷ ಕೂರಿಸುತ್ತೇನೆಂದು ನಮ್ಮ ಗೈಡು ಹೆದರಿಸಿದ್ದರು.

೧. ಡೋಸು

ಪಾಲಹಳ್ಳಿಯಲ್ಲಿ ಹಸುವಿನ ಒಡತಿಗೆ ವಿನಯದಿಂದಲೇ ಹೇಳಿದೆ: "ಅಮ್ಮ, ಇವತ್ತು ಸಣ್ಣ ಡೋಸು. ಮುಂದಿನ ವಾರ ದೊಡ್ಡ ಡೋಸು."

ಆಯಮ್ಮ ಮುಖ ಗಂಟಿಕ್ಕಿದಳು. "ಯಾಕಪ್ಪ, ಅದೇನ್ ತಪ್ ಮಾಡೈತೆ? ಒತ್ತೊತ್ತಿಗೆ ಆಲ್ ಕೊಡ್ತೈತಲ್ಲ!"

ನಮ್ಮ ಕಡೆ ಡೋಸು ಕೊಡುವುದೆಂದರೆ ಚೆನ್ನಾಗಿ ಬೈಯುವುದು. ನನಗದು ಮರೆತೇ ಹೋಗಿತ್ತು. ಬೈಗುಳವಲ್ಲ, ಸೂಜಿ ಎಂದು ಬಿಡಿಸಿ ಹೇಳಿದೆ. ಆಕೆ ಜಗಲಿಯ ಮೇಲೆ ಬೀಡಿ ಸೇದುತ್ತಿದ್ದ ಗಂಡನತ್ತ ಕೈ ತೋರಿಸಿದಳು.

"ಅಂಗಾರೆ ಇದ್ಕೆ ಸೂಜಿ ಆಕಪ್ಪ. ಡೋಸು ಅಲ್ ಕೊಡು. ದೊಡ್ಡದ್ನೇ ಕೊಡು."

೨. ಉಪ್ಪುನೀರು

ಹೋಲಿಸಿ ನೋಡಲು ಒಮ್ಮೊಮ್ಮೆ ಬರೀ ಉಪ್ಪುನೀರಿನ ಸೂಜಿ ಹಾಕಬೇಕಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಪಾಂಡವಪುರದ ಹತ್ತಿರ ಎಮ್ಮೆಯ ಯಜಮಾನನೊಬ್ಬ ಐದೇ ನಿಮಿಷಕ್ಕೆ, "ಮದ್ದು ಅತ್ಕತು ಸಾ! ಕಣ್ ನೋಡಿ, ಎಂಗ್ ತೇಲ್ತಾವೆ!" ಎಂದು ತಾನೇ ಆಕಳಿಸಿದ. ಅರ್ಧ ಗಂಟೆ ಬಿಟ್ಟು ನಾನು ಬರೆದುಕೊಂಡೆ: ಮದ್ದು ಸೊನ್ನೆ, ಎಮ್ಮೆ ಎಚ್ಚರ, ಯಜಮಾನ ಗೊರಕೆ.

೩. ತಲೆ

ಸಿಂಧಘಟ್ಟದ ಎತ್ತಿಗೆ ಎಲ್ಲಕ್ಕಿಂತ ಹೆಚ್ಚಿನ ಪ್ರಮಾಣ. ಅವತ್ತು ಗೈಡೇ ನೋಡಲು ಬರುವವರಿದ್ದರು. ಸೂಜಿ ಹಾಕಿ, ಬಸ್ಸಿಳಿದ ಅವರನ್ನು ಕರೆದುಕೊಂಡು ಬಂದರೆ ಎತ್ತಿನ ತಲೆ ನೆಟ್ಟಗೆ ನಿಂತಿದೆ! ಅದರ ಗದ್ದದ ಕೆಳಗೆ ಒಡೆಯ ಹೆಗಲು ಕೊಟ್ಟಿದ್ದ, ಬೆವರುತ್ತಿದ್ದ.

"ಏನಯ್ಯಾ ಇದು?" ಎಂದೆ.

"ಊರೋರೆಲ್ಲ ನೋಡ್ತಾವ್ರೆ ಸಾ. ನಮ್ಮೆತ್ತು ಯಾರ್ ಮುಂದೂ ತಲೆ ತಗ್ಸಿಲ್ಲ. ಇವತ್ ತಗ್ಸಕ್ ಬುಟ್ಬುಡ್ತೀನಾ?"

ನನ್ನ ಪದವಿ ಕೈತಪ್ಪಿತೆಂದುಕೊಂಡೆ. ಗೈಡು ಅಷ್ಟು ಜನರೆದುರಿಗೇ ನನಗೆ ದೊಡ್ಡ ಡೋಸು ಕೊಟ್ಟರು. ನಾನು ತಲೆ ತಗ್ಗಿಸಿ ನಿಂತೆ. ಅದನ್ನು ನೋಡಲಾರದೆ ಒಡೆಯ ಎತ್ತನ್ನು ಬಿಟ್ಟು ನನ್ನತ್ತ ಓಡಿ ಬಂದ. ಅವನ ಹಿಂದೆ ಎತ್ತಿನ ತಲೆ ಮೊಣಕಾಲಿನವರೆಗೆ ಇಳಿಯಿತು.

"ಅಳೀರಿ, ಬೇಗ ಅಳೀರಿ!" ಎಂದು ಗೈಡು ಕೂಗಿದರು.

ಪದವಿ ಉಳಿಯಿತೆಂದು ಟೇಪಿಗೆ ಕೈ ಚಾಚಿದೆ. ಅಷ್ಟರಲ್ಲಿ ಒಡೆಯ ಅದನ್ನು ಕಸಿದುಕೊಂಡು ನೆಲದಿಂದ ನನ್ನ ಗದ್ದಕ್ಕೆ ಹಿಡಿದು, ಗೈಡ್ ಅವರತ್ತ ತಿರುಗಿದ.

"ನಾಕೇ ಅಡಿ ಸಾ! ಸೂಜಿ ಏನೂ ಅಲ್ಲ, ನಿಮ್ ಡೋಸೇ ಜೋರು!"