ಅಡ್ವಾನ್ಸ್ ಪೇಡೆ

ನಮ್ಮ ಮಾಮಾ ಹುಟ್ಟುವ ಮೊದಲೇ ತನ್ನ ಜಾತಕ ಬರೆಸಿಟ್ಟುಕೊಂಡಿದ್ದ ಎಂದು ಯಾರಾದರೂ ಹೇಳಿದರೆ ನಾನು ನಂಬುತ್ತೇನೆ. ಸ್ವಲ್ಪ ತಾಳಿ, ನೀವೂ ನಂಬುತ್ತೀರಿ! ಅಮ್ಮನ ತಮ್ಮನಾದ ಈ ಮಹಾಶಯ ಧಾರವಾಡದಲ್ಲಿ ಡಿಪ್ಲೊಮಾ ಓದನ್ನು ಅರ್ಧಕ್ಕೆ ಬಿಟ್ಟು ಈ ಹಿಮದ ದೇಶಕ್ಕೆ ಬಂದು, ಬ್ರ್ಯಾಂಪ್ಟನ್ನಿನ ವೇರ್‌ಹೌಸೊಂದರಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಅವನಿಗೆ ಎಲ್ಲವೂ ಮುಂಚಿತವಾಗಿ ಆಗಬೇಕು. ಹಿಮದಲ್ಲಿ ಜಾರದ ಚಳಿಗಾಲದ ಟೈರುಗಳನ್ನು ಬೇಸಿಗೆಯ ಆಗಸ್ಟಿನಲ್ಲೇ ಹಾಕಿಸಿ, ಬೆವರು ಒರೆಸಿಕೊಳ್ಳುತ್ತ ವ್ಯಾನು ಓಡಿಸುತ್ತಿದ್ದ. ಹಬ್ಬದ ದಿನ ರಿಚ್ಮಂಡ್ ಹಿಲ್‌ನ ದೇವಸ್ಥಾನಕ್ಕೆ ಎಷ್ಟು ಬೇಗ ಹೊರಡಿಸುತ್ತಿದ್ದನೆಂದರೆ, ಪಾರ್ಕಿಂಗ್ ಲಾಟಿನಲ್ಲಿ ನಮ್ಮ ವ್ಯಾನೊಂದೇ, ದೇವಸ್ಥಾನದ ಬಾಗಿಲಿಗಿನ್ನೂ ಬೀಗ!

"ಇಷ್ಟು ಲಗೂನ ಬಂದು ಏನ್ ಮಾಡೂದೋ?" ಎಂದು ಅಮ್ಮ ಗೊಣಗಿದರೆ, "ದೇವರಿಗೂ ಒಬ್ಬರರ ಪುರುಸೊತ್ತಿಲೆ ಮಾತಾಡಾಕ ಸಿಗಬೇಕಲ್ಲಕ್ಕಾ" ಎನ್ನುತ್ತಿದ್ದ.

ಇಂಥವನ ಕೈಗೆ ಆ ಕಾಗದ ಸಿಕ್ಕಿದ್ದು ನನ್ನ ಗ್ರಹಚಾರ. ಎರಡು ಸಾವಿರದ ಏಳೋ ಎಂಟೋ ಇರಬೇಕು, ನನ್ನ ಹೈಸ್ಕೂಲಿನ ಕೊನೆಯ ವರ್ಷ. ವಾರಕ್ಕೊಂದು ಮಧ್ಯಾಹ್ನ ಕಾಲೇಜಿಗೆ ಹೋಗಿ ಅಲ್ಲಿನ ಒಂದು ಕೋರ್ಸು ಓದಿದರೆ, ಆ ಕ್ರೆಡಿಟ್ಟು ಹೈಸ್ಕೂಲಿಗೂ ಸಲ್ಲುತ್ತದೆ, ಮುಂದೆ ಕಾಲೇಜಿಗೂ ಸಲ್ಲುತ್ತದೆ ಎಂದು ಸ್ಕೂಲಿನವರು ಬರೆದು ಕಳಿಸಿದ್ದರು.

"ಅಕ್ಕಾ, ಇಲ್ಲಿ ನೋಡ! ಹೈಸ್ಕೂಲ್ ಮುಗಿಯೂಕಿಂತ ಮೊದಲ ಕಾಲೇಜು! ಒಂದ ಕ್ಲಾಸು, ಎರಡ ಕ್ರೆಡಿಟ್ಟು! ಇದನ್ನ ಮಾಡಿದಾವ ನನ್ನಂಥಾವನ ಇರಬೇಕು."

ಸೀಟು ಉಳಿದಿದ್ದದ್ದು ಮನೆ ವೈರಿಂಗ್ ಕೋರ್ಸಿನಲ್ಲಿ ಮಾತ್ರ. "ಮಾಮಾ, ಐ ವಾಂಟ್ ಟು ಡೂ ಸೈಕಾಲಜಿ. ವೈರಿಂಗ್‌ನಾಗ ನನಗ ಇಂಟರೆಸ್ಟೇ ಇಲ್ಲ" ಎಂದೆ. "ಇಂಟರೆಸ್ಟ್ ಆಮ್ಯಾಲೆ ಬರ್ತದ. ಮೊದಲ ಕ್ರೆಡಿಟ್ ಬರ್ಲಿ" ಎಂದ. ಅವನ ಜೊತೆ ವಾದ ಮಾಡಿ ಗೆದ್ದವರುಂಟೆ?

ಮೊದಲ ಕ್ಲಾಸಿಗೆ ಇನ್ನೂ ನಾಲ್ಕು ದಿನವಿತ್ತು. ಅಷ್ಟರಲ್ಲೇ ತನ್ನ ಹೆಂಡತಿ, ನಮ್ಮ ಅತ್ತೆಯಿಂದ ಹಾಲಿನ ಪುಡಿಯ ಪೇಡೆ ಮಾಡಿಸಿ, ಕನ್ನಡದವರ ಗಣಪತಿ ಪೂಜೆಯಲ್ಲಿ ಹಂಚಿಬಿಟ್ಟ! "ನಮ್ಮ ಹುಡುಗಿ ಕಾಲೇಜಿನ ಪರೀಕ್ಷಾ ಪಾಸಾಗ್ಯಾಳ್ರೀ."

ಬೆಂಗಳೂರಿನ ಸಾಫ್ಟ್‌ವೇರಿನವರೊಬ್ಬರು ಪೇಡೆ ಬಾಯಿಗೆ ಹಾಕಿಕೊಳ್ಳುತ್ತ, "ಹೌದಾ ಸಾರ್? ಎಗ್ಸಾಮ್ ಯಾವಾಗ ಆಗಿದ್ದು?" ಎಂದರು.

"ಜನವರಿದಾಗ ಅದರೀ!"

ಪಾಪ, ಅವರು ಅಗಿಯುವುದನ್ನೇ ನಿಲ್ಲಿಸಿದರು.

ಕ್ಲಾಸಿನಲ್ಲಿ ನಾನೊಬ್ಬಳೇ ಹುಡುಗಿ. ಮೂರನೇ ವಾರ ನಾನು ಜೋಡಿಸಿದ ಬೋರ್ಡು ಚಟ್ ಎಂದು ಹೊಗೆಯಾಡಿತು, ಹುಡುಗರು ಹೋ ಎಂದು ನಕ್ಕರು. ಅಷ್ಟಕ್ಕೇ ಬಿಟ್ಟುಬಿಟ್ಟೆ. ಆ ನಗು ಈಗ ನೆನಪೂ ಆಗುವುದಿಲ್ಲ, ಬಿಟ್ಟದ್ದು ಮಾತ್ರ ಚುಚ್ಚುತ್ತದೆ. ಹದಿನೆಂಟು ತುಂಬಿತ್ತಲ್ಲ, ಹೆಸರು ತೆಗೆಸಲು ನನ್ನ ಸಹಿಯೇ ಸಾಕಾಯಿತು. ಆದರೆ ಮನೆಯಲ್ಲಿ ಹೇಳುವುದು ಹೇಗೆ? ಊರಿಗೆ ಊರೇ ಪೇಡೆ ತಿಂದು ಅರಗಿಸಿಕೊಂಡಿತ್ತು!

ಹಾಗಾಗಿ ಪ್ರತಿ ಮಂಗಳವಾರ ನಾಟಕ ನಡೆಯಿತು. ನನ್ನನ್ನು ಬಿಡಲೆಂದೇ ಮಾಮಾ ಬೆಳಗಿನ ಶಿಫ್ಟು ಕೇಳಿ ಹಾಕಿಸಿಕೊಂಡಿದ್ದ. ಕ್ಲಾಸಿಗೆ ಒಂದು ತಾಸು ಮೊದಲೇ ತಂದು ಇಳಿಸುತ್ತಿದ್ದ. ನಾನು ಮುಂದಿನ ಬಾಗಿಲಿಂದ ಒಳಹೊಕ್ಕು, ಹಿಂದಿನ ಬಾಗಿಲಿಂದ ಹೊರಬಿದ್ದು, ಎದುರಿನ ಮಾಲಿನಲ್ಲಿ ಫ್ರೈಸ್ ತಿನ್ನುತ್ತ ಕೂರುತ್ತಿದ್ದೆ. ಹೊತ್ತಿಗೆ ಸರಿಯಾಗಿ ಮರಳಿದರೆ ಮಾಮಾ ವ್ಯಾನಿನಲ್ಲಿರುತ್ತಿದ್ದ.

"ಎಲ್ಲೀತನಕ ಬಂತು ಪಾಠ?"

"ಸ್ವಿಚ್ಚಿನ ತನಕ."

"ಛಲೋ ಆತು" ಎಂದು ಗಾಡಿ ಚಾಲೂ ಮಾಡುತ್ತಿದ್ದ.

ಜನವರಿ ಕೊನೆಗೆ "ಪಾಸಾತೇನು?" ಎಂದು ಕೇಳಿದ. "ಪಾಸು" ಎಂದೆ. ನನ್ನ ಬಾಯಿಗೊಂದು ಪೇಡೆ ಹಾಕಿದ, ಮುಖ ನೋಡಲಿಲ್ಲ. ಬಚಾವಾದೆ ಎಂದುಕೊಂಡೆನಲ್ಲ, ಎಂಥ ಪೆದ್ದಿ!

ಅದೇ ಚಳಿಗಾಲ ಮಾಮಾ ತನ್ನ ಬೇಸ್‌ಮೆಂಟಿಗೆ ತಾನೇ ವೈರಿಂಗ್ ಮಾಡಿದ. ಮೆಟ್ಟಿಲ ಮೇಲೊಂದು ಸ್ವಿಚ್ಚು, ಕೆಳಗೊಂದು ಸ್ವಿಚ್ಚು. ಮೇಲೆ ಹಾಕಿದ ದೀಪ ಕೆಳಗೆ ಆರಿಸಬಹುದು. ವೈರಿಂಗ್ ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ತಲೆದೂಗಿ ಹೋದರು. "ಎಲ್ಲಿ ಕಲಿತಿ ಮಾಮಾ?" ಎಂದರೆ, "ಹಿಂಗ, ಅಲ್ಲೆ ಇಲ್ಲೆ" ಎಂದ.

ಎರಡು ವರ್ಷದ ಮೇಲೆ ಆ ಬೇಸ್‌ಮೆಂಟನ್ನು ಬಾಡಿಗೆಗೆ ಕೊಡಲು ಖಾಲಿ ಮಾಡುತ್ತಿದ್ದೆವು. ಒಂದು ಡಬ್ಬದ ತಳದಲ್ಲಿ ನೋಟ್‌ಬುಕ್ ಸಿಕ್ಕಿತು. ಮಾಮಾನ ದುಂಡನೆಯ ಅಕ್ಷರ, ಪುಟಪುಟಕ್ಕೂ ತಾರೀಖು. ನಾನು ಕ್ಲಾಸು ಬಿಟ್ಟ ಮುಂದಿನ ವಾರದಿಂದ ಶುರುವಾಗಿ, ಒಂದು ಮಂಗಳವಾರವೂ ತಪ್ಪಿರಲಿಲ್ಲ. ವೈರುಗಳ ಚಿತ್ರದ ಪಕ್ಕದಲ್ಲಿ "ಕರೇದು ಬಿಸಿ, ಬಿಳೇದು ಸುಮ್ಮನ" ಎಂದೆಲ್ಲ, ಕರೆಂಟಿರುವ ವೈರು ಯಾವುದು, ಇಲ್ಲದ್ದು ಯಾವುದು ಎಂದು ಕನ್ನಡದಲ್ಲಿ ಗುರುತು. ಕೊನೆಯ ಪುಟಗಳಲ್ಲಿ ಪರೀಕ್ಷೆಯ ಪ್ರಶ್ನೆಗಳು, ಕೆಳಗೆ ಉತ್ತರಗಳು. ಯಾರೂ ತಿದ್ದಿರಲಿಲ್ಲ.

ತಲೆಯೆತ್ತಿದರೆ ಮಾಮಾ ಮೆಟ್ಟಿಲ ಮೇಲೆ ನಿಂತಿದ್ದ.

"ಒಂದು ಮಂಗಳವಾರ ನೀ ಊಟದ ಡಬ್ಬಿ ಗಾಡ್ಯಾಗ ಮರೆತಿದ್ದಿ. ಕೊಡಾಕ ಒಳಗ ಬಂದೆ. ನೀ ಇದ್ದಿದ್ದಿಲ್ಲ. ಮಾಸ್ತರು ಖಾಲಿ ಕುರ್ಚಿ ತೋರಿಸಿ, ಸಿಟ್ ಸಿಟ್ ಅಂದರು. ಕೂತೆ."

"ನನಗ ಬೈಲಿಲ್ಲ ಯಾಕ?"

"ಪೇಡೆ ಹಂಚಿ ನಿನ್ನ ಸಿಗಿಸಿದಾವ ನಾನಲ್ಲೇನು?"

ಅಳು ಬಂತು. ಹೆಸರಿದ್ದ ನಾನು ಹೆಸರು ತೆಗೆಸಿಕೊಂಡೆ. ಓದಿದವನಿಗೆ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಎರಡು ಕ್ರೆಡಿಟ್ಟಿನ ಕ್ಲಾಸಿನಲ್ಲಿ ಇಬ್ಬರಿಗೂ ಒಂದೂ ಸಿಗಲಿಲ್ಲ. "ಸಾರಿ ಮಾಮಾ" ಎಂದೆ.

"ಏ ಹುಚ್ಚಿ, ನೀ ಎದ್ದು ಹೋಗಿದ್ದಿಲ್ಲಂದ್ರ ನನಗ ಕುರ್ಚಿ ಎಲ್ಲಿ ಸಿಗ್ತಿತ್ತು?" ಎಂದು ನಕ್ಕ. ಆಮೇಲೆ ನೋಟ್‌ಬುಕ್ ಕೈಗೆ ತೆಗೆದುಕೊಂಡು, ಕೊನೆಯ ಪುಟ ತೆರೆದು, ಮೆಲ್ಲಗೆ ಕೇಳಿದ: "ಖರೇ ಹೇಳು, ನಾ ಪರೀಕ್ಷಾಕ್ಕ ಕೂತಿದ್ದರ ಪಾಸಾಗ್ತಿದ್ದೆನೇನು?"

ನಾನು ಮೇಲೆ ಹೋಗಿ, ಅತ್ತೆಯ ಡಬ್ಬಿಯಿಂದ ಪೇಡೆ ತಂದು ಅವನ ಬಾಯಿಗೆ ಹಾಕಿದೆ. ನಮ್ಮ ಮಾಮಾನ ಜೀವನದಲ್ಲಿ ತಡವಾಗಿ ಬಂದ ಪೇಡೆ ಅದೊಂದೇ.