ನಾಲ್ಕು ಗಾಲಿಯ ಬಾವಿ

ಲಿಂಗಸುಗೂರು ತಾಲೂಕಿನಲ್ಲಿ ಡಾಂಬರು ರಸ್ತೆಯ ಮೇಲೆ ಊರಿಂದೂರಿಗೆ ಹೋಗುವ ಬಾವಿ ಒಂದೇ ಒಂದು. ಅದು ಮಸ್ಕಿಯ ಹಿಟ್ಟಿನ ಗಿರಣಿಯ ಕರಿಬಸಯ್ಯನದು. ಅದಕ್ಕೆ ನಾಲ್ಕು ಗಾಲಿ, ಒಂದು ಹಾರ್ನು ಇವೆ. ಹಾರ್ನು ಹೊಡೆಯುವ ಬಾವಿಯ ಬಗ್ಗೆ ಯಾವ ಕಚೇರಿಯಲ್ಲೂ ಇಂದಿನವರೆಗೆ ತಕರಾರು ದಾಖಲಾಗಿಲ್ಲ.

ಬಾವಿಯಾಗುವ ಮೊದಲು ಅದು ಜೀಪಾಗಿತ್ತು. ದೊಡ್ಡ ಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿ, ಯುದ್ಧ ಮುಗಿದ ಮೇಲೆ ಕೈಯಿಂದ ಕೈಗೆ ದಾಟಿ, ಕಾಲುವೆ ತೋಡುವ ಕಾಲಕ್ಕೆ ಸಿಂಧನೂರಿನ ಕ್ಯಾಂಪಿಗೆ ಬಂದು ಸೇರಿತ್ತು. ಕಾಲುವೆಗೆ ನೀರು ಬಂದ ವರ್ಷ ಒಂದು ಜಾಲಿಗಿಡದ ಕೆಳಗೆ ನಿಂತಿತು. ನಿಂತದ್ದು ಮತ್ತೆ ಕದಲಲಿಲ್ಲ. ಎಂಬತ್ತಾರರಲ್ಲಿ ಅದನ್ನು ಹರಾಜಿಗಿಟ್ಟಾಗ ಬಾನೆಟ್ಟಿನ ಕೆಳಗೆ ಇಂಜಿನ್ ಇರಲಿಲ್ಲ. ಒಂದು ಕೋಳಿ ಕಾವಿಗೆ ಕೂತಿತ್ತು. ‘ಇದ್ದಲ್ಲಿ, ಇದ್ದಂತೆ’ ಎಂಬುದು ಹರಾಜಿನ ಷರತ್ತಾದ್ದರಿಂದ ಕೋಳಿಯೂ ಕರಿಬಸಯ್ಯನ ಪಾಲಿಗೆ ಬಂತು. ಲಿಂಗ ಕಟ್ಟಿದ ಅಯ್ಯನವರ ಮನೆಗೆ ಕೋಳಿ ಒಯ್ಯುವುದು ಹೇಗೆ? ಅದನ್ನು ಕ್ಯಾಂಪಿನ ಕಾವಲುಗಾರನಿಗೆ ಒಪ್ಪಿಸಿ, ಜೀಪಿಗೆ ಎರಡು ಎತ್ತು ಕಟ್ಟಿ, ಕರಿಬಸಯ್ಯ ಮಸ್ಕಿಯ ದಾರಿ ಹಿಡಿದ. ಚಿಕ್ಕವನಿದ್ದಾಗ ಇದೇ ಜೀಪು ತುಂಬಿದ ಹಳ್ಳ ಸೀಳಿಕೊಂಡು ದಾಟಿದ್ದನ್ನು ಅವನು ನೋಡಿದ್ದ. ಮನುಷ್ಯನಿಗೆ ಒಂದು ಹುಚ್ಚು ಹಿಡಿಯಲು ಅಷ್ಟು ಸಾಕು.

ಅಂಗಳದಲ್ಲಿ ನಾಲ್ಕು ಕಲ್ಲಿನ ಮೇಲೆ ಜೀಪು ಕೂತಿತು. ಮಳೆಗಾಲ ಬಂತು, ಕುಂಬಳದ ಬಳ್ಳಿ ಅದನ್ನು ಹತ್ತಿತು. ಕರಿಬಸಯ್ಯನ ಹೆಂಡತಿ ಶಿವಬಸಮ್ಮನನ್ನು ನಾಗರ ಪಂಚಮಿಗೆ ತವರಿಗೆ ಕರೆದೊಯ್ಯಲು ಅವಳ ತಮ್ಮ ಅಮರಯ್ಯ ಗುರುಗುಂಟಾದಿಂದ ಹೊಸ ಮೋಟರ್‌ಸೈಕಲ್ ಮೇಲೆ ಬಂದದ್ದು ಆ ಬಳ್ಳಿ ಹೂ ಬಿಟ್ಟಿದ್ದಾಗ.

“ಅಕ್ಕಾ, ಇದೇನಬೇ? ಮಾವಾರು ಕುಂಬಳಬಳ್ಳಿಗೆ ಕಬ್ಬಿಣದ ಹಂದರ ಹಾಕ್ಯಾರ?”

“ಜೀಪು ಐತಿ,” ಅಂದ ಕರಿಬಸಯ್ಯ. “ಬರೋ ಪಂಚಮಿಗೆ ಇದರಾಗ ಬರತೀವಿ.”

ಅಮರಯ್ಯ ಜೀಪನ್ನು ಒಂದು ಸುತ್ತು ಹಾಕಿದ. ಗಾಲಿಯೊಂದನ್ನು ಕಾಲಿನಿಂದ ಒದ್ದ. ಗಾಲಿ ಕಳಚಿ ಹಿತ್ತಲ ಕಡೆಗೆ ಉರುಳಿಕೊಂಡು ಹೋಯಿತು.

“ಮಾವ, ಇದು ತನ್ನ ಗಾಲಿ ಮ್ಯಾಲೆ ಗುರುಗುಂಟಾಕ್ಕ ಬಂದ ದಿನ ನಾ ನಿಮ್ಮ ನೀರು ಹೊರತೀನಿ. ಓಣಿ ಮಂದಿ ಮುಂದ ಹೊರತೀನಿ.”

ಶಿವಬಸಮ್ಮ ಅಷ್ಟರಲ್ಲಿ ಹೊಸ ಸೀರೆಯುಟ್ಟು, ಟ್ರಂಕು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಗಂಡನನ್ನು ಆಡಿಕೊಳ್ಳುವ ಹಕ್ಕು ತನಗೊಬ್ಬಳಿಗೇ ಇದೆ ಎಂದು ನಂಬಿದ ಹೆಂಗಸು ಅವಳು. ಟ್ರಂಕನ್ನು ಒಳಗಿಟ್ಟು ಬಂದಳು.

“ಹಂಗಾರ ಜೀಪಿನ್ಯಾಗ ಬರತೀನಿ. ನೀ ನಡಿ ತಮ್ಮಾ.”

“ಅಕ್ಕಾ, ಅವ್ವ ಉಂಡಿ ಕಟ್ಟಿ ಕುಂತಾಳ.”

“ಬರೋ ವರ್ಷದ್ದು ಸೇರಿಸಿ ಕಟ್ಟು ಅಂತ ಹೇಳು.”

ಅಂದಿನಿಂದ ಆ ಮನೆಯಲ್ಲಿ ಕರಿಬಸಯ್ಯನಿಗೆ ಊಟ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ಮದುವೆಯಾದ ಮೇಲೆ ಒಂದು ಪಂಚಮಿಯನ್ನೂ ತಪ್ಪಿಸದವಳು ಗಂಡನ ಮಾತು ಉಳಿಸಲು ತಪ್ಪಿಸಿದ್ದಳು. ಇನ್ನೊಂದು ತಪ್ಪಿದರೆ ಊಟದ ಗತಿ ಏನೆಂದು ಅವನು ಕೇಳಲಿಲ್ಲ.

ಸಿಂಧನೂರಿನಿಂದ ಜಂಗ್ಲಿಸಾಬ್ ಎಂಬ ಮೇಸ್ತ್ರಿಯನ್ನು ಕರೆಸಲಾಯಿತು. ಅವನ ಹತ್ತಿರ ಒಂದು ಸುತ್ತಿಗೆ, ಒಂದು ವೆಲ್ಡಿಂಗ್ ಮಷೀನು, ಮತ್ತು ತನ್ನ ಮೇಲೆ ಅಪಾರ ವಿಶ್ವಾಸ ಇದ್ದವು.

“ಎಲ್ಲಾ ಅಸಲಿ ಸಾಮಾನ ಇರಬೇಕು ನೋಡಪಾ,” ಅಂದ ಕರಿಬಸಯ್ಯ.

“ಅಸಲಿ ಸಾಮಾನ ಅಮೆರಿಕಾದಾಗ ಸಿಗತೈತ್ರೀ ಅಯ್ಯನೋರ. ಸಿಂಧನೂರಾಗ ಸಿಗೋದು ಅಸಲಿಕಿಂತ ಚಲೋ ಇರತೈತಿ.”

ಹೀಗೆ ಅಸಲಿಗಿಂತ ಚಲೋ ಇರುವ ಸಾಮಾನು ಕೂಡತೊಡಗಿತು. ಸ್ಟೇರಿಂಗು ಒಂದು ಗುಜರಿ ಬಸ್ಸಿನದು. ಅದನ್ನು ತಿರುಗಿಸಲು ಕರಿಬಸಯ್ಯ ಎದ್ದು ನಿಲ್ಲಬೇಕಾಗುತ್ತಿತ್ತು. ಸೀಟುಗಳು ಮುಚ್ಚಿಹೋದ ಟೂರಿಂಗ್ ಟಾಕೀಜಿನವು, ಬೆನ್ನಿಗೆ ನಂಬರಿನ ಸಮೇತ. ಬ್ರೇಕಿನ ಮಾತು ಬಂದಾಗ ಜಂಗ್ಲಿಸಾಬ್, “ಮೊದಲ ಓಡಲಿ. ನಿಂದ್ರೋದು ಆಮ್ಯಾಲ ನೋಡೂಣು,” ಅಂದ.

ಇಂಜಿನ್ ಮಾತ್ರ ಮನೆಯದೇ. ಕರಿಬಸಯ್ಯನ ಹೊಲದ ಬಾವಿಗೆಂದು ಸರಕಾರ ಸಬ್ಸಿಡಿಯಲ್ಲಿ ಕೊಟ್ಟಿದ್ದ ಡೀಸೆಲ್ ಪಂಪುಸೆಟ್ಟು. ಇಂಜಿನ್ ಬಂದ ವರ್ಷವೇ ಬಾವಿ ಬತ್ತಿ, ಅದು ಗೋಣಿಚೀಲ ಹೊದ್ದು ಮಲಗಿತ್ತು. ಅದನ್ನು ಎತ್ತಿ ಜೀಪಿನೊಳಗೆ ಕೂರಿಸಿ, ಗಿರಣಿಯ ಹಳೆಯ ಪಟ್ಟಾ ಬಿಗಿದು, ಇಂಜಿನ್ ಕಾಯದಿರಲೆಂದು ಹಿಂಭಾಗದಲ್ಲಿ ನೀರಿನ ಬ್ಯಾರಲ್ಲು ಇಟ್ಟು ಪೈಪು ಜೋಡಿಸಿದರು. ಹ್ಯಾಂಡಲ್ ತಿರುವಿದಾಗ ಜೀಪು ಎದ್ದಿತು. ನಿಂತಾಗ ಓಡುತ್ತಿರುವಂತೆ ಕುಣಿಯುತ್ತಿತ್ತು. ಓಡುವಾಗ ನಿಂತಂತೆ ಕಾಣುತ್ತಿತ್ತು. ಆದರೂ ಓಡಿತು. ಅಂದು ರಾತ್ರಿ ಶಿವಬಸಮ್ಮ, “ಇನ್ನೊಂದು ರೊಟ್ಟಿ ಹಾಕಲೇನ್ರೀ?” ಎಂದು ಕೇಳಿದಳು. ವರ್ಷದಲ್ಲಿ ಅದೇ ಮೊದಲ ವಾಕ್ಯ.

ಪಂಚಮಿಗೆ ಇನ್ನೊಂದು ವಾರವಿತ್ತು. ಸುಮ್ಮನೆ ತಾಲೀಮಿಗೆಂದು ಲಿಂಗಸುಗೂರಿಗೆ ಹೋದವನನ್ನು ಮೋಟಾರು ಇನ್ಸ್‌ಪೆಕ್ಟರು ತಡೆದರು. ತಡೆಯಲು ಅವರು ಓಡಬೇಕಾಗಲಿಲ್ಲ, ಪಕ್ಕದಲ್ಲೇ ನಡೆದುಕೊಂಡು ಬಂದರು. ಕಾಗದ ನೋಡಿ, ಇಂಜಿನ್ ಪಂಪುಸೆಟ್ಟಿನದಾದ್ದರಿಂದ ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಬಾವಿ ಮತ್ತು ಪಂಪುಸೆಟ್ಟು ಪರಿಶೀಲನಾ ಉಪಕಚೇರಿಗೆ ಸಾಗಹಾಕಿದರು.

ಉಪಕಚೇರಿಯ ಸಾಹೇಬರು ನಿಯಮ ತೆಗೆದು ಓದಿದರು: “ಸಬ್ಸಿಡಿಯಲ್ಲಿ ಪಡೆದ ಇಂಜಿನ್ ಸದಾಕಾಲ ಬಾವಿಯ ಮಗ್ಗುಲಲ್ಲಿರತಕ್ಕದ್ದು. ತಪ್ಪಿದಲ್ಲಿ ಇಂಜಿನನ್ನೂ ಅದಕ್ಕೆ ಅಂಟಿಕೊಂಡಿರುವುದೆಲ್ಲವನ್ನೂ ಜಪ್ತಿ ಮಾಡತಕ್ಕದ್ದು.”

“ಬಾವಿ ಬತ್ತ್ಯಾದ್ರೀ ಸಾಹೇಬ್ರ.”

“ಬತ್ತೋದು ಬಾವಿ ವಿಚಾರ. ಇಂಜಿನ್ ವಿಚಾರ ಹೇಳ್ರಿ. ಅದರ ಮಗ್ಗಲಕ ಬಾವಿ ಐತೋ ಇಲ್ಲೋ?”

“ರಸ್ತಾದ ಮ್ಯಾಲೆ ಬಾವಿ ಎಲ್ಲಿಂದ ಬರಬೇಕ್ರೀ?”

“ಅದನ್ನ ನೀವು ರಸ್ತಾಕ್ಕ ಬರೋಕಿಂತ ಮೊದಲ ವಿಚಾರ ಮಾಡಬೇಕಿತ್ತು.”

ಜಪ್ತಿ ಅಂದರೆ ಇಂಜಿನ್ನಿನ ಜೊತೆ ಜೀಪು, ಜೀಪಿನ ಜೊತೆ ಪಂಚಮಿ, ಪಂಚಮಿಯ ಜೊತೆ ರೊಟ್ಟಿ. ಕರಿಬಸಯ್ಯ ಹೊರಗಿನ ಬೆಂಚಿನ ಮೇಲೆ ತಲೆಗೆ ಕೈಹೊತ್ತು ಕೂತ. ಆಗ ಅವನ ಬಳಿಗೆ ಬಂದವನು ಕಚೇರಿಯ ಗುಮಾಸ್ತ ಆದೆಪ್ಪ. ಆ ವರ್ಷ ಉಪಕಚೇರಿ ತೋಡಿಸಬೇಕಾಗಿದ್ದ ಬಾವಿಗಳಲ್ಲಿ ಒಂದು ಕಡಿಮೆ ಬಿದ್ದು, ಮೇಲಿನವರು ಸಾಹೇಬರಿಗೆ ಖಾರವಾಗಿ ಬರೆದಿದ್ದರು. ಆದೆಪ್ಪನಿಗೆ ಅದು ಗೊತ್ತಿತ್ತು.

“ಅಯ್ಯನೋರ, ಆ ಹಿಂದಿನ ಬ್ಯಾರಲ್‌ನ್ಯಾಗ ಏನೈತಿ?”

“ನೀರೈತಿ.”

“ಸುತ್ತಲೂ ಕಟ್ಟಿ ಐತಿ?”

“ಕಟ್ಟಿ ಅಲ್ಲಪಾ, ತಗಡು.”

“ಮ್ಯಾಲಿಂದ ಕೊಡ ಬಿಟ್ರ ನೀರು ಬರತೈತೋ ಇಲ್ಲೋ?”

“ಬರತೈತಿ.”

ಆದೆಪ್ಪ ಒಳಗೆ ಹೋದ. ಸಾಹೇಬರು ಹೊರಗೆ ಬಂದು ಜೀಪು ಹತ್ತಿ ಬ್ಯಾರಲ್ಲಿನೊಳಗೆ ಬಗ್ಗಿ ನೋಡಿದರು. ಅವರ ಮುಖ ಕಂಡಿತು. “ಓ” ಎಂದು ಕೂಗಿದರು. ಒಳಗಿನಿಂದಲೂ “ಓ” ಎಂದಿತು. ಇನ್ನೇನು ಪುರಾವೆ ಬೇಕು? ಮಧ್ಯಾಹ್ನದ ಚಹಾಕ್ಕೆ ಮೊದಲೇ ಆದೇಶ ಹೊರಬಿತ್ತು:

“ಸದರಿ ವಾಹನದ ಹಿಂಭಾಗದಲ್ಲಿರುವುದು ಬಾವಿಯೆಂದು ಸ್ಥಳ ಪರಿಶೀಲನೆಯಿಂದ ಖಚಿತವಾಗಿದೆ. ಇಂಜಿನ್ ಅದರ ಮಗ್ಗುಲಲ್ಲಿಯೇ ಇದೆ. ಬಾವಿಯಲ್ಲಿ ನೀರಿಲ್ಲದಾಗ ಇಂಜಿನ್ ಚಾಲೂ ಮಾಡಕೂಡದು. ಕೊಡ ತಂದವರಿಗೆ ನೀರು ಇಲ್ಲವೆನ್ನಕೂಡದು. ‘ಆಳವಿದೆ, ಮಕ್ಕಳನ್ನು ದೂರವಿಡಿ’ ಎಂಬ ಫಲಕ ಕಡ್ಡಾಯ. ಬಾವಿಯು ಈ ತಾಲೂಕಿನದಾದ್ದರಿಂದ ಸಿಂಧನೂರು ತಾಲೂಕಿನ ಗಡಿ ದಾಟಿದ ಕ್ಷಣ ಬತ್ತಿದೆಯೆಂದು ಭಾವಿಸತಕ್ಕದ್ದು.”

ಬಾವಿ ಇದೆ ಎಂದ ಮೇಲೆ ಅದನ್ನು ಯಾರಾದರೂ ತೋಡಿರಲೇಬೇಕು. ಸಾಹೇಬರ ಪರಿಚಯದ ಗುತ್ತಿಗೆದಾರ ಗ್ಯಾನಪ್ಪ ತೋಡಿದ್ದಾನೆಂದು ಗೊತ್ತಾಯಿತು. ಕಲ್ಲು ಒಡೆಯಲು ಮದ್ದು ಇಟ್ಟದ್ದೂ, ಕೆಲಸ ಕಠಿಣವಾಗಿದ್ದೂ ಬಿಲ್ಲಿನಿಂದ ತಿಳಿದುಬಂತು. ಬಿಲ್ಲು ಪಾಸಾದ ಸಂಜೆ ಗ್ಯಾನಪ್ಪ ಮಸ್ಕಿಗೆ ಬಂದು ತಾನು ತೋಡಿದ ಬಾವಿಯನ್ನು ಮೊದಲ ಸಲ ನೋಡಿದ. “ಗಟ್ಟಿ ಕೆಲಸ ಆಗೇತಿ,” ಎಂದು ತಗಡು ತಟ್ಟಿ ಹೋದ.

ಮೋಟಾರು ಇನ್ಸ್‌ಪೆಕ್ಟರು ಆದೇಶ ಓದಿ, ಬಾವಿಗೆ ರಸ್ತೆ ತೆರಿಗೆ ಇಲ್ಲವೆಂದರು. ಬಾವಿಯ ಎದುರಿಗೆ ಬರುವ ವಾಹನಗಳೇ ಪಕ್ಕಕ್ಕೆ ಸರಿಯಬೇಕೆಂದೂ, ಎಲ್ಲಿಯೂ ಬಾವಿ ಸರಿದ ಪದ್ಧತಿ ಇಲ್ಲವೆಂದೂ ಬಾಯಿಮಾತಿನಲ್ಲಿ ಹೇಳಿದರು. ಬ್ರೇಕಿನ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಹೊಸ ಬಾವಿಗೆ ಗಂಗಿಪೂಜೆ ಆಗದೆ ನೀರು ಮುಟ್ಟುವಂತಿಲ್ಲ. ಪಂಚಮಿಯ ದಿನ ಬೆಳಿಗ್ಗೆ ಶಿವಬಸಮ್ಮ ಬ್ಯಾರಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಬಳೆ ಉಡಿಯಕ್ಕಿ ಅರ್ಪಿಸಿ, ಕಾಯಿ ಒಡೆದಳು. ಆಮೇಲೆ ಟ್ರಂಕು ಏರಿಸಿ ಟಾಕೀಜಿನ ಮೊದಲ ಸೀಟಿನಲ್ಲಿ ಕೂತಳು.

ದಾರಿಯಲ್ಲಿ ಆದೇಶದ ಸುದ್ದಿ ಜೀಪಿಗಿಂತ ಮುಂದೆ ಹೋಗಿತ್ತು. ಅದೇನೂ ಕಷ್ಟದ ಕೆಲಸವಾಗಿರಲಿಲ್ಲ. ಊರೂರ ಬಾಗಿಲಲ್ಲಿ ಕೊಡ ಹಿಡಿದವರು ನಿಂತಿದ್ದರು. ಲಿಂಗಸುಗೂರಿನ ಬಸ್‌ ಸ್ಟ್ಯಾಂಡಿನಲ್ಲಿ ಚಹಾದಂಗಡಿಯ ಜಮೀಲಾಬೀ ದೊಡ್ಡ ಹಂಡೆಯನ್ನೇ ತಂದಳು.

“ಒಂದು ಕೊಡ ತಗೋರಿ ಅಂದ್ರ ಹಂಡೇನಾ ಬೇ?” ಅಂದ ಕರಿಬಸಯ್ಯ.

“ಸರಕಾರದ ಬಾವಿ ಐತ್ರೀ ಅಯ್ಯನೋರ. ನಿಮ್ಮದೇನು, ನೀವು ಬರೇ ಡ್ರೈವರ್.”

ಗುರುಗುಂಟಾದ ಓಣಿ ಹೊಕ್ಕಾಗ ಇಂಜಿನ್ ಕೆಮ್ಮುತ್ತಿತ್ತು. ಅಮರಯ್ಯನ ಮನೆಯ ಮುಂದೆ ಜೀಪು ಗೋಡೆಗೆ ಮೆಲ್ಲಗೆ ಆತು ನಿಂತಿತು. ಬ್ಯಾರಲ್ಲಿನ ತಳದಲ್ಲಿ ಒಂದು ಹೂವು, ಒಂದು ಬಳೆ, ಅಷ್ಟೆ. ಕಟ್ಟೆಯ ಮೇಲೆ ಓಣಿಯ ಮಂದಿಯೆಲ್ಲ ಇದ್ದರು. ಹಬ್ಬದ ಜೋಕಾಲಿಗಳು ತೂಗುವುದು ನಿಂತಿತು.

ಅಮರಯ್ಯ ಹೊರಗೆ ಬಂದ. ಗಾಲಿ ನೋಡಿದ. ಈ ಸಲ ಒದೆಯಲಿಲ್ಲ.

“ಇಳೀಬೇ ಅಕ್ಕಾ.”

“ಇಳೀತೀನಿ. ಬಾವಿ ಬತ್ತೈತಿ ತಮ್ಮಾ. ನೀರಿಲ್ಲಂದ್ರ ಇದನ್ನ ಚಾಲೂ ಮಾಡಾಕ ಬರಂಗಿಲ್ಲ. ಆರ್ಡರ್ ಐತಿ.”

“ಎಷ್ಟು ಕೊಡ ಹಿಡಿತೈತಿ?”

“ಬಾವಿಗೆ ಎಷ್ಟು ಕೊಡ ಅಂತ ಯಾರು ಲೆಕ್ಕ ಇಟ್ಟಾರ?”

ಓಣಿಗೆ ನೀರು ಊರಹೊರಗಿನ ಹಳೆಯ ಬಾವಿಯಿಂದಲೇ ಬರಬೇಕು. ಅಮರಯ್ಯ ಧೋತರ ಮೇಲೆ ಕಟ್ಟಿ, ಹೆಗಲಿಗೊಂದು ಕೊಡ, ಕೈಗೊಂದು ಕೊಡ ಹಿಡಿದು ಹೋದ, ಬಂದ, ಹೋದ. ಶಿವಬಸಮ್ಮ ಸೀಟಿನಲ್ಲಿ ಕೂತು, ಅವ್ವ ಎರಡು ವರ್ಷದ್ದು ಸೇರಿಸಿ ಕಟ್ಟಿದ್ದ ಉಂಡಿ ತಿನ್ನುತ್ತ ನೋಡಿದಳು. ಒಂದನ್ನು ಗಂಡನಿಗೂ ಕೊಟ್ಟಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಂತರ್ಜಲ ಅಳೆಯುವವರೊಬ್ಬರು ಆ ದಿನವೇ ಟೇಪು ಹಿಡಿದು ಗುರುಗುಂಟಾಕ್ಕೆ ಬಂದಿದ್ದರು. ಅವರ ಯಾದಿಯಲ್ಲಿ ತಾಲೂಕಿನ ಹೊಸ ಬಾವಿಯ ಹೆಸರಿತ್ತು. ಬ್ಯಾರಲ್ಲಿನೊಳಗೆ ಟೇಪು ಬಿಟ್ಟರು, ಆಮೇಲೆ ಬ್ಯಾರಲ್ಲಿನಿಂದ ನೆಲಕ್ಕೆ ಅಳೆದರು. ಪ್ರಾಮಾಣಿಕ ಮನುಷ್ಯ, ಕಂಡದ್ದನ್ನೇ ಬರೆದರು. ನೀರಿನ ಮಟ್ಟ: ನೆಲದಿಂದ ನಾಲ್ಕು ಅಡಿ ಮೇಲೆ. ಷರಾ: ಪೂರ್ತಿ ಬತ್ತಿದ್ದ ಬಾವಿ ನೋಡನೋಡುತ್ತಿದ್ದಂತೆ ಕಂಠದವರೆಗೆ ತುಂಬಿತು, ಇಷ್ಟು ಜೋರಿನ ಒರತೆ ಜಿಲ್ಲೆಯಲ್ಲಿ ಬೇರೆಲ್ಲೂ ಕಂಡುಬಂದಿಲ್ಲ.

“ಒರತಿ ಅಲ್ರೀ ಅದು, ನಮ್ಮ ಅಮರಯ್ಯ,” ಅಂದಳು ಕಟ್ಟೆಯ ಮೇಲಿದ್ದ ಓಣಿಯ ಮುದುಕಿ ಕಸ್ತೂರೆಮ್ಮ.

“ಒರತೆಗೆ ಹೆಸರು ಬರೆಯುವ ಕಾಲಂ ಇಲ್ಲಮ್ಮ,” ಎಂದು ಅವರು ಟೇಪು ಸುತ್ತಿದರು.

ಅಮರಯ್ಯನ ಓಣಿಗೆ ಮಂಜೂರಾಗಿದ್ದ ಕೈಪಂಪಿನ ಬೋರಿಂಗು ಮುಂದಿನ ತಿಂಗಳು ರದ್ದಾಯಿತು. ನೀರು ನೆಲದ ಮೇಲೆಯೇ ನಿಂತಿರುವ ಊರಿನಲ್ಲಿ ನೆಲ ಕೊರೆಯುವುದು ಅನಗತ್ಯ ಎಂಬುದು ಕಾರಣ. ಬೋರಿಂಗನ್ನು ದಢೇಸುಗೂರಿಗೆ ಒಯ್ದು, ಕಾಲುವೆಯ ದಂಡೆಯ ಮೇಲೆ, ಭತ್ತದ ಗದ್ದೆಯ ಮಗ್ಗುಲಲ್ಲಿ ಹಾಕಿದರು. ಅಲ್ಲಿ ಕೊರೆದ ಕೂಡಲೇ ನೀರು ಬಂದದ್ದರಿಂದ ಯೋಜನೆ ಯಶಸ್ವಿಯಾಯಿತು.

ಓಣಿಯ ಹಿರಿಯರು ಅಮರಯ್ಯನನ್ನು ಕರೆದುಕೊಂಡು ಉಪಕಚೇರಿಗೆ ಹೋದರು. ಸಾಹೇಬರು ಸಮಾಧಾನವಾಗಿಯೇ ಕೇಳಿದರು: “ಬಾವಿ ಬತ್ತೈತಿ ಅಂತ ಬರಕೊಡ್ರಿ, ಬೋರಿಂಗ್ ವಾಪಸ್ ತರಸೂಣು. ಆದ್ರ ಬತ್ತಿದ ಬಾವಿ ಇಂಜಿನ್ನು, ಅದಕ್ಕ ಅಂಟಿದ ಜೀಪು ಎರಡೂ ಜಪ್ತಿ ಆಗತಾವ. ಬರೀತೀರೇನು?”

ಹಿರಿಯರು ಅಮರಯ್ಯನ ಮುಖ ನೋಡಿದರು. ಜೀಪಿಲ್ಲದಿದ್ದರೆ ಅಕ್ಕ ಪಂಚಮಿಗೆ ಬರುವುದಿಲ್ಲ. ಅಕ್ಕ ಬಾರದಿದ್ದರೆ ಅವ್ವ ಊಟ ಬಿಡುತ್ತಾಳೆ. ಅವನು ಬರೆಯಲಿಲ್ಲ.

ಮುಂದೆಂದಾದರೂ ಅಮೆರಿಕದ ಅಸಲಿ ಇಂಜಿನ್ ಹಾಕಿಸುವ ಆಸೆಯನ್ನು ಕರಿಬಸಯ್ಯ ಆ ವರ್ಷವೇ ಬಿಟ್ಟ. ಅದನ್ನು ಹಾಕಿದರೆ ಜೀಪು ಮತ್ತೆ ಜೀಪಾಗುತ್ತದೆ, ತೆರಿಗೆ ಬೀಳುತ್ತದೆ, ಬ್ರೇಕು ಬೇಕಾಗುತ್ತದೆ.

ಈಗ ಪ್ರತಿ ಪಂಚಮಿಗೆ ಬಾವಿ ಗುರುಗುಂಟಾಕ್ಕೆ ಬರುತ್ತದೆ. ಟೇಪಿನವರೂ ಬರುತ್ತಾರೆ. ಮಟ್ಟ ಇಳಿದರೆ ನೀರು ಕುಡಿದವರಾರು ಎಂದು ವಿಚಾರಣೆಯಾಗುವುದರಿಂದ, ಓಣಿಯವರು ತಮ್ಮ ಮನೆಯ ಕೊಡಗಳನ್ನೂ ಅಮರಯ್ಯನ ಕೈಗೆ ಕೊಡುತ್ತಾರೆ. ಕಳೆದ ಸಲ ಬಳಗಾನೂರಿನಿಂದ ಬಂದಿದ್ದ ಬೀಗರೊಬ್ಬರು, ಹಬ್ಬದ ದಿನ ಹೊಸ ಅಂಗಿ ತೋಯಿಸಿಕೊಂಡು ಊರಬಾವಿಗೂ ಜೀಪಿಗೂ ಅಲೆಯುತ್ತಿದ್ದವನನ್ನು ತಡೆದು ಕೇಳಿದರು.

“ಏನು ಮಾಡಾಕತ್ತೀರಿ ಅಮರಯ್ಯನೋರ?”

“ಅಂತರ್ಜಲ ಏರಸಾಕತ್ತೀನ್ರೀ,” ಅಂದ ಅಮರಯ್ಯ.

ಬೀಗರು ತಲೆಯಾಡಿಸಿ ದಾರಿ ಬಿಟ್ಟರು. ಟಾಕೀಜಿನ ಸೀಟಿನಿಂದ ಶಿವಬಸಮ್ಮ ಬಗ್ಗಿ ಬ್ಯಾರಲ್ಲಿನೊಳಗೆ ನೋಡಿದಳು.

“ಇನ್ನೂ ನಾಕು ಬಟ್ಟು ಇಳದೈತಿ ತಮ್ಮಾ. ಹೋದ ವರ್ಷದಷ್ಟರ ಬರಲಿ.”